ಎರಡನೇ ಕಾವು

ಟೆಂಪೋದ ಆ ಒಂದು ಉಕ್ಕಿನ ಪಟ್ಟಿಗೆ ನಾನು ಎರಡು ಸಲ ದುಡ್ಡು ಕೊಟ್ಟೆ. ಮೊದಲು ಐದುನೂರು, ಆಮೇಲೆ ಹದಿನಾಲ್ಕುನೂರು. ಸೀಳಿದ ಕಲ್ಲಿನ ಬೆಲೆ ಬೇರೆ. ಮೊದಲೇ ಹನ್ನೊಂದುನೂರು ಕೊಟ್ಟಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಕೊಡಲಿಲ್ಲ, ಯಾಕೆಂದರೆ ಚೌಕಾಸಿಯಲ್ಲಿ ನನ್ನನ್ನು ಮೀರಿಸಿದವರನ್ನು ನಾನು ಬಾಗಲಕೋಟೆಯಿಂದ ಇಳಕಲ್ಲಿನವರೆಗೆ ಕಂಡಿಲ್ಲ. ತರಕಾರಿಯ ತಳ್ಳುಗಾಡಿಯಿಂದ ಸ್ವಂತ ಟೆಂಪೋದ ತನಕ ಬಂದದ್ದು ಆ ಬಾಯಿಯಿಂದಲೇ.

ಟೆಂಪೋ ಸೆಕೆಂಡ್ ಹ್ಯಾಂಡ್. ಹಿಂದಿನ ಎಡಗಡೆಯ ಪಾಟಾ, ಅಂದರೆ ಭಾರ ಹೊರುವ ಉಕ್ಕಿನ ಪಟ್ಟಿಗಳ ಕಮಾನು ಕಟ್ಟು, ಕುಸಿದು ಗಾಡಿ ಒಂದು ಮಗ್ಗುಲಿಗೆ ವಾಲಿ ನಿಲ್ಲುತ್ತಿತ್ತು. ಅದೇ ವಾರ ಇಳಕಲ್ಲಿನ ಕಲ್ಲಿನ ವ್ಯಾಪಾರಿಯೊಬ್ಬ ಒಂದು ಬಾಡಿಗೆ ಕೊಟ್ಟಿದ್ದ. ಕೆಂಪು ಗ್ರಾನೈಟಿನ ಚಪ್ಪಡಿಗಳನ್ನು ತುಳಸಿಗೇರಿಗೆ ಮುಟ್ಟಿಸಬೇಕು. ಒಂದೂ ಮುಕ್ಕಾಗದೆ ಮುಟ್ಟಿದರೆ ಆತನ ಸಾಗಾಟವೆಲ್ಲ ನನ್ನದು. ಇಲ್ಲದಿದ್ದರೆ ಬೇರೆ ಗಾಡಿಗಳು ಸಾಲಿನಲ್ಲಿ ನಿಂತಿದ್ದವು.

ಹೊಸ ಪಾಟಾ ಯಾಕೆ, ಬಗ್ಗಿಸಿದರಾಯಿತು ಎಂದು ಕುಳಗೇರಿ ಕ್ರಾಸಿನ ಕುಲುಮೆಗೆ ಹೋದೆ. ಕಮ್ಮಾರನ ಬಲತೋಳು ಸ್ವಾಧೀನ ತಪ್ಪಿದ ಮೇಲೆ ಅಲ್ಲಿ ಅವನ ಹೆಂಡತಿಯೇ ಸುತ್ತಿಗೆ ಹಿಡಿಯುತ್ತಿದ್ದಳು. ಕಟ್ಟು ಬಿಚ್ಚಿ, ಮೇಲಿನ ಉದ್ದ ಪಟ್ಟಿಯನ್ನು ಬೆರಳಿನಿಂದ ಬಡಿದು ನೋಡಿ, “ಹನ್ನೊಂದುನೂರ ಆಗತೈತ್ರಿ,” ಅಂದಳು.

“ಯಕ್ಕಾ, ಬೆಂಕಿ ನಿಂದು, ಕಬ್ಬಿಣ ನಂದು. ಹನ್ನೊಂದುನೂರ ಎದಕ್ಕ?”

“ಕಾಸಿ ಬಗ್ಸೂದಕ್ಕ ಐದುನೂರ. ಕುಸುಬಿ ಎಣ್ಯಾಗ ಅದ್ದೂದಕ್ಕ ಮುನ್ನೂರ. ಎರಡನೇ ಕಾವಿಗೆ ಮುನ್ನೂರ.”

“ಕುಸುಬಿ ಎಣ್ಯಾಗ ಮಿರ್ಚಿ ಕರೀತಾರ. ಕಲ್ಲಿನ ದೋಣ್ಯಾಗ ನೀರ ಪುಕ್ಕಟೆ ಐತಲ್ಲ, ಅದ್ರಾಗ ಅದ್ದು. ಒಮ್ಮಿ ಕಾಸಿದ್ದನ್ನ ಮತ್ತ್ಯಾಕ ಕಾಸ್ತಿ?”

“ನೀರಾಗ ಅದ್ದಿ ಹಂಗ ಬಿಟ್ರ ಗಾಜಿನಂಗ ಬಿರುಸಾಗತೈತ್ರಿ. ಎರಡನೇ ಕಾವು ಕೊಟ್ರ ಆ ಸೊಕ್ಕ ಇಳೀತೈತಿ. ಬಗ್ಗಿ ಮತ್ತ ಎದ್ದ ನಿಂದ್ರತೈತಿ.”

“ಬಿರುಸಾದ್ರ ಚಲೋನ ಆತಲ್ಲ. ಐದುನೂರ.”

ಅವಳು ಗಂಡನ ಕಡೆ ನೋಡಿದಳು. ಆತ ಎಡಗೈಯಲ್ಲಿ ಗಾಳಿಯಂತ್ರ ತಿರುವುತ್ತ, “ಸಾವಕಾರ್ರು ಕೇಳ್ದಂಗ ಮಾಡಿಕೊಡು. ಮತ್ತ ಬರ್ತಾರ ಅವ್ರು,” ಅಂದ. ನಾನು ಅದನ್ನು ಮರ್ಯಾದೆ ಎಂದುಕೊಂಡೆ.

ಪಟ್ಟಿಯನ್ನು ಕೆಂಪಗೆ ಕಾಸಿ, ಬಾಗಿಸಿ, ನೀರಿಗೆ ಬಿಟ್ಟಳು. ಆರಿದ ಮೇಲೆ ಕಬ್ಬಿಣ ತೇಯುವ ಅರ ಕೊಟ್ಟು ಉಜ್ಜಿ ನೋಡಲು ಹೇಳಿದಳು. ಅರ ಜಾರಿಹೋಯಿತು, ಒಂದು ಗೆರೆಯೂ ಬೀಳಲಿಲ್ಲ. ಆರುನೂರು ಉಳಿಸಿದೆನೆಂದು ಎದುರಿನ ಅಂಗಡಿಯಲ್ಲಿ ಕುಳಿತು ಚಹಾ ಕುಡಿದೆ.

ಚಪ್ಪಡಿ ಹೇರಿಕೊಂಡು ಹುನಗುಂದ ದಾಟುವವರೆಗೆ ಗಾಡಿ ನೆಟ್ಟಗೆ, ಠೀವಿಯಿಂದ ಓಡಿತು. ಮುಂದೆ ಒಂದು ರಸ್ತೆಯುಬ್ಬು. ನಿಧಾನವಾಗಿಯೇ ಹತ್ತಿಸಿದೆ. ಕೆಳಗೆ ಒಣ ಕಟ್ಟಿಗೆ ಮುರಿದಂಥ ಸದ್ದಾಯಿತು. ಗಾಡಿ ಎಡಕ್ಕೆ ಕುಸಿಯಿತು, ಹಿಂದೆ ಕಲ್ಲಿನ ಮೇಲೆ ಕಲ್ಲು ಬಿತ್ತು. ಇಳಿದು ನೋಡಿದರೆ ಪಟ್ಟಿ ಎರಡು ತುಂಡು. ಬಾಗಿದ ಗುರುತೇ ಇಲ್ಲ. ಮುರಿದ ಬಾಯಿ ಸಕ್ಕರೆಯ ಹರಳಿನಂತೆ ಮಿನುಗುತ್ತಿತ್ತು. ಎರಡು ಚಪ್ಪಡಿಗಳು ನಡುವೆ ಸೀಳಿದ್ದವು.

ರಸ್ತೆಯ ಮೇಲೆ ತಪ್ಪು ಹಾಕಬಹುದಿತ್ತು, ನಾಲಿಗೆಯ ತುದಿಗೂ ಬಂದಿತ್ತು. ಆದರೆ ಯಾವುದು ಹೇಗೆ ಮುರಿಯಿತೆಂದು ನೋಡಿ ಹೇಳುವುದೇ ಕಲ್ಲಿನವರ ಕಸುಬು. ವ್ಯಾಪಾರಿಗೆ ಫೋನ್ ಮಾಡಿ ಇದ್ದದ್ದು ಇದ್ದಂತೆ ಹೇಳಿದೆ.

“ಆರುನೂರ ಉಳಿಸಾಕ ಹೋಗಿ ನನ್ನ ಕಲ್ಲ ಸೀಳಿದೇನಲೇ,” ಅಂದ. “ಆ ಹೆಣ್ಮಗಳು ಹೇಳಿದಂಗ ಮಾಡಿಸ್ಕೊಂಡ ಬಾ. ಮೊದಲ ಪಾಯಕ್ಕ ಹಾಕೂ ಖಂಡಕಿ ಕಲ್ಲ ಹೇರತೇನಿ. ಅದನ್ನ ಮುಟ್ಸು, ಆಮ್ಯಾಲ ಚಪ್ಪಡಿ ಮಾತು.”

ಚಪ್ಪಡಿಗಳನ್ನು ಬೇರೆ ಗಾಡಿಯಲ್ಲಿ ಇಳಕಲ್ಲಿಗೆ ವಾಪಸು ಕಳಿಸಿ, ತುಂಡುಗಳನ್ನು ಬಸ್ಸಿನಲ್ಲಿ ಒಯ್ದು ಕುಲುಮೆಯ ಮುಂದೆ ಇಟ್ಟಾಗ ಅವಳು ಬೆಂಕಿಗೆ ಇದ್ದಿಲು ಹಾಕತೊಡಗಿದಳು. ಗಂಡನೇ ಕೇಳಿದ: “ನೀರ ಬೇಕೋ, ಎಣ್ಣಿ ಬೇಕೋ ಸಾವಕಾರ್ರ?”

“ನೀರ ಕುಡ್ಯಾಕ ಕೊಡು. ಪಟ್ಟಿಗೆ ಎಣ್ಣಿ.”

ಗುಜರಿಯ ಹಳೆಯ ಪಟ್ಟಿಗೆ ಮುನ್ನೂರು, ಕೆಲಸಕ್ಕೆ ಅದೇ ಹನ್ನೊಂದುನೂರು. ಈ ಸಲ ಅವಳು ಅಯಸ್ಕಾಂತ ಅಂಟದಷ್ಟು ಕಾಸಿ, ಬಾಗಿಸಿ, ಕುಸುಬಿ ಎಣ್ಣೆಗೆ ಇಳಿಸಿದಳು. ಆಮೇಲೆ ಎಣ್ಣೆ ಮೆತ್ತಿದ ಪಟ್ಟಿಯನ್ನು ಕೆಂಡದ ಮೇಲೆ ಹಿಂದೆಮುಂದೆ ಆಡಿಸಿದಳು. ಮೈಮೇಲಿನ ಎಣ್ಣೆ ತಾನಾಗಿ ಹೊತ್ತಿ ಉರಿದು ಆರಬೇಕು. ಮತ್ತೆ ಎಣ್ಣೆ ಸವರಿ ಹಾಗೆ ಮೂರು ಸಲ, ಇದೇ ಎರಡನೇ ಕಾವು. ಕುಲುಮೆಯೆಲ್ಲ ಮಿರ್ಚಿ ಅಂಗಡಿಯ ವಾಸನೆ. ಅರ ಕೊಟ್ಟಳು. ಈಗ ಅದು ತುಸು ಹಿಡಿಯಿತು. ಪಟ್ಟಿಯ ಒಂದು ತುದಿ ಬಿಗಿದು, “ಇನ್ನೊಂದು ತುದಿ ಮ್ಯಾಲ ನಿಂದರ್ರಿ,” ಅಂದಳು. ನಿಂತೆ, ಬಗ್ಗಿತು. ಇಳಿದೆ, ಇದ್ದಲ್ಲಿಗೆ ಬಂತು.

ಖಂಡಕಿ ಹೊತ್ತು ಅದೇ ಉಬ್ಬನ್ನು ದಾಟುವಾಗ ಗಾಡಿ ತಗ್ಗಿ ಎದ್ದಿತು. ಮರುವಾರ ಚಪ್ಪಡಿಗಳು ಇಡಿಯಾಗಿ ತುಳಸಿಗೇರಿ ಮುಟ್ಟಿದವು. ಆ ವ್ಯಾಪಾರಿಯ ಕಲ್ಲು ಇವತ್ತಿಗೂ ನನ್ನ ಗಾಡಿಯಲ್ಲೇ ಹೋಗುತ್ತದೆ, ಅದೇ ಪಟ್ಟಿಯ ಮೇಲೆ.

ನೀವು ಪಾಟಾ ಮಾಡಿಸುವುದಿದ್ದರೆ ಬೆಳಿಗ್ಗೆಯೇ ಹೋಗಿ, ಅವಸರ ಮಾಡಬೇಡಿ. ಎರಡನೇ ಕಾವನ್ನು ಎದುರಿಗೇ ನಿಂತು ಮಾಡಿಸಿಕೊಳ್ಳಿ. ಅರ ಪೂರ್ತಿ ಜಾರಿದರೆ ಪಟ್ಟಿ ಒಯ್ಯಬೇಡಿ, ಬೆಣ್ಣೆಯಂತೆ ಕೊರೆದರೂ ಒಯ್ಯಬೇಡಿ. ಚೌಕಾಸಿ ಬಿಡಿ ಅನ್ನುವುದಿಲ್ಲ. ಗುಜರಿ ಪಟ್ಟಿಯ ಬೆಲೆಯಲ್ಲಿ ಮಾಡಿ, ಬಿಚ್ಚಿ ಕೂಡಿಸುವ ಕೂಲಿಯಲ್ಲಿ ಮಾಡಿ. ಎಣ್ಣೆಗೆ ಮತ್ತು ಬೆಂಕಿಗೆ ಕೇಳಿದಷ್ಟು ಕೊಡಿ.