ಕನ್ನಡದಲ್ಲಿ ಮುಕ್ಕಾಂ

ಲಾರಿ ಓಡಿಸುವವನು ದಿನಕ್ಕೆ ಎಂಟು ತಾಸಿಗಿಂತ ಹೆಚ್ಚು ಓಡಿಸಬಾರದು ಎಂಬ ನಿಯಮ ಆಗಲೂ ಇತ್ತು. ವಾಳೂಜ್‌ನ ನಮ್ಮ ಟ್ರಾನ್ಸ್‌ಪೋರ್ಟ್ ಆಫೀಸಿನ ಗೋಡೆಗೆ ಅದನ್ನು ಮರಾಠಿಯಲ್ಲಿ ಬರೆದು ಅಂಟಿಸಿದ್ದರು. ಅದರ ಕೆಳಗೇ ಕೂತ ಮಾಲೀಕರು, ನಾಶಿಕ್‌ನಲ್ಲಿ ಮಾಲು ಇಳಿಸಿದವರು ಹಾಗೇ ಸಟಾಣಾಕ್ಕೆ ಹೋಗಿ ಈರುಳ್ಳಿ ತುಂಬಿಕೊಂಡು ಬರಬೇಕೆಂದು ಹೇಳುತ್ತಿದ್ದರು. ನಿಯಮದ ಮೇಲೆ ನಮಗೆ ಡ್ರೈವರುಗಳಿಗೆ ಸಿಟ್ಟೇನೂ ಇರಲಿಲ್ಲ. ಗೋಡೆಯ ಮೇಲಿನ ದೇವರ ಪಟಕ್ಕೆ ಮುಗಿದಂತೆ ಅದಕ್ಕೂ ಕೈಮುಗಿದು ಕೀಲಿ ತೆಗೆದುಕೊಂಡು ಹೊರಡುತ್ತಿದ್ದೆವು.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಈಗಿನ ಸಂಭಾಜಿನಗರ ಆಗ ಔರಂಗಾಬಾದ್; ವಾಳೂಜ್ ಅದರ ಹೊರವಲಯ. ನಾನು ವಿಜಾಪುರದ ಕಡೆಯಿಂದ ಕಟ್ಟಡದ ಕೆಲಸಕ್ಕೆಂದು ಬಂದು, ಇಟ್ಟಿಗೆ ಹೊತ್ತು, ಆಮೇಲೆ ಸ್ಟಿಯರಿಂಗ್ ಹಿಡಿದವನು. ಮರಾಠಿ ಆಡಲು ಬರುತ್ತಿತ್ತು, ಓದಲು ಬರೆಯಲು ಬರುತ್ತಿರಲಿಲ್ಲ.

ಪ್ರತಿ ಗಾಡಿಗೂ ಒಂದು ಲಾಗ್‌ಬುಕ್. ಹೊರಟದ್ದು ಯಾವಾಗ, ಮುಟ್ಟಿದ್ದು ಯಾವಾಗ, ನಡುವೆ ಎಲ್ಲಿ ನಿಂತು ಮಲಗಿದಿರಿ ಎಂದು ಬರೆಯಬೇಕು. ಮಲಗಿದ ಜಾಗದ ಅಂಕಣಕ್ಕೆ ಮುಕ್ಕಾಂ ಎಂದು ಹೆಸರು. ಗೇಟಿನ ಹತ್ತಿರದ ಚಹಾ ಅಂಗಡಿಯವನ ಅಕ್ಷರ ದುಂಡಗಿತ್ತು. ಗಾಡಿ ಹೊರಡುವ ಮೊದಲೇ ಎಲ್ಲರ ಲಾಗ್‌ಬುಕ್ ಅವನೇ ತುಂಬಿಕೊಡುತ್ತಿದ್ದ. ಅವನ ಬರವಣಿಗೆಯ ಪ್ರಕಾರ ನಾವೆಲ್ಲ ದಿನವೂ ನಾಶಿಕ್ ದಾರಿಯ ಯೇವಲೆಯಲ್ಲಿ ಮಲಗುತ್ತಿದ್ದೆವು. ನಿಜವಾಗಿ ಮಲಗಿದ್ದರೆ ಆ ಊರಿನ ಢಾಬಾಗಳಲ್ಲಿ ಹೊರಸು ಸಾಲುತ್ತಿರಲಿಲ್ಲ. ಮಾಲೀಕರಿಗೂ ಗೊತ್ತು, ನಮಗೂ ಗೊತ್ತು ಎಂದು ಉಳಿದವರು ಸಹಿ ಹಾಕಿ ಹೋಗುತ್ತಿದ್ದರು.

ನನಗೆ ಅದು ಆಗುತ್ತಿರಲಿಲ್ಲ. ಸತ್ಯವಂತ ಎಂದಲ್ಲ, ಹಟಮಾರಿ. ಮಾಡದ ನಿದ್ದೆಗೆ ನಾನೇ ಸಹಿ ಹಾಕುವುದೆಂದರೆ ಮೈ ಉರಿಯುತ್ತಿತ್ತು. ಹಾಗಾಗಿ ನನ್ನದನ್ನು ನಾನೇ ಬರೆದೆ, ಬರುತ್ತಿದ್ದ ಭಾಷೆಯಲ್ಲಿ. ಸುಪರ್ವೈಸರ್ ಹಾಳೆ ತುಂಬಿದೆಯೇ ಎಂದಷ್ಟೇ ನೋಡಿ ಸಿಕ್ಕೆ ಒತ್ತುತ್ತಿದ್ದ. ಇವನು ಪುರಾಣ ಬರೆಯುತ್ತಾನೆ ಎಂದು ಡ್ರೈವರುಗಳು ಗೇಲಿ ಮಾಡುತ್ತಿದ್ದರು.

ಒಂದು ಬೇಸಿಗೆಯಲ್ಲಿ ಸಟಾಣಾದಿಂದ ರಾತ್ರಿಯಿಡೀ ಓಡಿಸಿಕೊಂಡು ಬಂದು ಈರುಳ್ಳಿ ಇಳಿಸುತ್ತಿದ್ದಂತೆ, ಯಂತ್ರದ ಭಾಗಗಳನ್ನು ತುಂಬಿ ಮತ್ತೆ ನಾಶಿಕ್‌ಗೆ ಹೊರಡು ಎಂದರು. ಕಣ್ಣು ಮುಚ್ಚುತ್ತಿವೆ ಎಂದೆ. ದಾರಿಯಲ್ಲಿ ಚಹಾ ಕುಡಿ ಎಂದ ಸುಪರ್ವೈಸರ್. ನಾಶಿಕ್ ದಾರಿಯ ವೈಜಾಪುರ ದಾಟಿದ ಮೇಲೆ ಬಿಸಿಲಲ್ಲೇ ನನಗೆ ನಿದ್ದೆ ಹತ್ತಿತು. ಎಚ್ಚರವಾದಾಗ ಗಾಡಿ ಹೊಲದ ತಗ್ಗಿನಲ್ಲಿ ಒಂದು ಜಾಲಿ ಗಿಡಕ್ಕೆ ಒರಗಿತ್ತು. ಯಾರಿಗೂ ಏನೂ ಆಗಿರಲಿಲ್ಲ. ಪೆಟ್ಟಿಗೆಗಳು ಒಡೆದು ಮಾಲು ಮಣ್ಣುಪಾಲಾಗಿತ್ತು. ನನಗೆ ಹೆದರಿಕೆಯೂ ಆಗಲಿಲ್ಲ, ದುಃಖವೂ ಆಗಲಿಲ್ಲ. ಇನ್ನು ಮಲಗಬಹುದು ಎಂದುಕೊಂಡು ಆ ಗಿಡದ ಕೆಳಗೇ ಮಲಗಿಬಿಟ್ಟೆ.

ಮಾರನೆಯ ದಿನ ಸುಪರ್ವೈಸರ್ ಹೇಳಿಕೆ ಬರೆದುಕೊಳ್ಳಲು ಕೂತ. ಲಾಗ್‌ಬುಕ್ ತೆರೆದು, ಮುಕ್ಕಾಂ ಎಂಬಲ್ಲಿ ನಾನು ಬರೆದದ್ದರ ಮೇಲೆ ಬೆರಳಿಟ್ಟು ಇದೇನು ಎಂದು ಕೇಳಿದ. ಕನ್ನಡ, ಸಾಹೇಬ್ ಎಂದೆ. ಕನ್ನಡ್? ಎಂದು ಇನ್ನೊಮ್ಮೆ ಕೇಳಿದ. ಹೌದು, ಕನ್ನಡ್ ಎಂದೆ. ಮರಾಠಿಯಲ್ಲಿ ನಮ್ಮ ಭಾಷೆಯನ್ನು ಹಾಗೇ ಅನ್ನುತ್ತಾರೆ. ಅವನು ಬರೆದುಕೊಂಡ, ನಾನು ಸಹಿ ಹಾಕಿದೆ.

ಔರಂಗಾಬಾದಿನಿಂದ ಚಾಳೀಸ್‌ಗಾಂವ್ ಕಡೆಗೆ ಹೋಗುವ ದಾರಿಯಲ್ಲಿ ಕನ್ನಡ್ ಎಂಬ ಊರೇ ಇದೆ. ನಾಶಿಕ್ ದಾರಿಗೂ ಅದಕ್ಕೂ ಸಂಬಂಧವಿಲ್ಲ. ಗಾಡಿಯನ್ನು ಆ ಊರಿಗೆ ಒಯ್ದು ಯಾರ ಮಾಲು ಸಾಗಿಸಿದೆ ಎಂದು ಮಾಲೀಕರು ಕೇಳಿದಾಗಲೇ ನನಗೆ ತಿಳಿದದ್ದು. ಅದು ಊರಲ್ಲ, ಭಾಷೆ ಎಂದೆ. ಹಾಗಾದರೆ ಏನು ಬರೆದಿದ್ದೀ, ಓದು ಎಂದರು. ಓದಿ, ಮರಾಠಿಯಲ್ಲಿ ಹೇಳಿದೆ: ಮುಕ್ಕಾಂ ಇಲ್ಲ, ನಿದ್ದೆ ಇಲ್ಲ, ಒಲ್ಲೆ ಅಂದರೂ ಕಳಿಸಿದರು.

ಮಾಲೀಕರು ಲಾಗ್‌ಬುಕ್ ತಮ್ಮ ಕಡೆಗೆ ಎಳೆದುಕೊಂಡರು. ಆಮೇಲೆ ಮಗನಿಗೆ ಬುದ್ಧಿ ಹೇಳುವವರ ಹಾಗೆ ಮೆತ್ತಗೆ ಮಾತಾಡಿದರು. ಈ ಬರಹ ಹೊರಗೆ ಬಂದರೆ ನೀನು ನಿದ್ದೆಗೆಟ್ಟು ಓಡಿಸಿದೆ ಎಂದು ನೀನೇ ಒಪ್ಪಿದ ಹಾಗಾಗುತ್ತದೆ, ಲೈಸೆನ್ಸ್ ಹೋಗುತ್ತದೆ. ಕನ್ನಡ್ ಊರಿಗೆ ಹೋಗಿದ್ದೆ ಎಂದೇ ಹೇಳಿಕೆಯಲ್ಲಿ ಇದ್ದರೆ ಇಲ್ಲಿಯ ಕೆಲಸವಷ್ಟೇ ಹೋಗುತ್ತದೆ, ಬೇರೆ ಕಡೆ ಓಡಿಸಿಕೊಂಡು ಬದುಕಬಹುದು. ಮತ್ತೆ ಇಟ್ಟಿಗೆ ಹೊರುವುದು ನನ್ನ ಕಣ್ಣ ಮುಂದೆ ಬಂತು. ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಆಗಲಿ ಎಂದೆ. ಅವರು ಆ ಹಾಳೆ ಹರಿದು ಜೇಬಿಗೆ ಹಾಕಿಕೊಂಡರು.

ಮನೆಗೆ ಬರುವಷ್ಟರಲ್ಲಿ, ನಾನು ಗಾಡಿಯನ್ನು ಕನ್ನಡ್‌ಗೆ ಒಯ್ದು ಮಲಗಿದ್ದೆ ಎಂಬ ಸುದ್ದಿ ನಮ್ಮ ಓಣಿಗೆ ಬಂದಿತ್ತು. ಹೆಂಡತಿ ರೊಟ್ಟಿ ಬಡಿಯುತ್ತಿದ್ದಳು. ಇಬ್ಬರಿಗೂ ಒಂದೇ ಭಾಷೆ, ಇವಳಿಗಾದರೂ ಬಿಡಿಸಿ ಹೇಳಬಹುದು ಎಂದು ಕೂತೆ. ಸುಪರ್ವೈಸರ್ ಬೆರಳಿಟ್ಟದ್ದು, ನಾನು ಅಂದದ್ದು, ಮಾಲೀಕರು ಹಾಳೆ ಹರಿದದ್ದು, ಎಲ್ಲ ಹೇಳಿದೆ. ಹೇಳುತ್ತ ಹೇಳುತ್ತ ನನಗೇ ಅದು ಕಟ್ಟಿದ ಕತೆಯ ಹಾಗೆ ಕೇಳಿಸತೊಡಗಿತು. ಆಕೆ ಕೊನೆಯ ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ, ನನ್ನ ಕಡೆ ನೋಡದೆ ಕೇಳಿದಳು.

"ಅದೆಲ್ಲಾ ಇರ್ಲಿ ಬಿಡ್ರಿ. ಕನ್ನಡದಾಗ ಯಾರದಾರ, ಅಷ್ಟ ಹೇಳ್ರಿ."

"ಯಾರೂ ಇಲ್ಲ," ಎಂದೆ.

ಆಕೆ ರೊಟ್ಟಿ ತಿರುವಿ ಹಾಕಿದಳು. ನಂಬಲಿಲ್ಲ.