ರೆನಿಟಾ ಸೋಲಲಿ ಎಂದು ಕಾದ ದಿನ

ಕಳೆದ ಮಂಗಳವಾರ ತಿರುವನಂತಪುರದ ಒಂದು ಆಸ್ಪತ್ರೆಯಲ್ಲಿ ಕೂತು, ನನ್ನದೇ ಟೀಮಿನ ಹುಡುಗಿ ಸೋಲಲಿ ಎಂದು ಕಾಯುತ್ತಿದ್ದೆ. ನಾಚಿಕೆಯಾಗುತ್ತದೆ, ಆದರೂ ಬರೆಯುತ್ತಿದ್ದೇನೆ.

ನಾನು ಮೈಸೂರಿನವನು. ಕೊಚ್ಚಿಯ ಪಾಲಾರಿವಟ್ಟಂ ಆಫೀಸಿನಿಂದ ಆರು ವರ್ಷಗಳಿಂದ ಆಸ್ಪತ್ರೆಗಳಿಗೆ ಸಾಫ್ಟ್‌ವೇರ್ ಮಾರುತ್ತಿದ್ದೇನೆ. ಮಲಯಾಳಂ ನೀರು ಕುಡಿದಷ್ಟು ಸಲೀಸು. ಡೆಮೊ ಕೊಡಲು ನಿಂತೆನೆಂದರೆ ಎದುರಿನವರು ಬಾಯಿ ತೆರೆಯಲು ಜಾಗವೇ ಇರುವುದಿಲ್ಲ...

ರೆನಿಟಾ ಮಂಗಳೂರಿನವಳು, ಸೇರಿ ಎಂಟೇ ತಿಂಗಳು. ಅವಳ ಮಲಯಾಳಂ ಕೇಳಿ ಆಟೋದವರೂ ನಗುತ್ತಾರೆ.

ಅಂಥವಳಿಗೆ, ನಾನು ಮೂರು ಸಲ ಡೆಮೊ ಕೊಟ್ಟೂ ಒಪ್ಪಿಸಲಾಗದ ಆ ಆಸ್ಪತ್ರೆಯನ್ನು ಮ್ಯಾನೇಜರ್ ವಹಿಸಿಬಿಟ್ಟರು. ಪರಿಚಯ ಮಾಡಿಸಲು ನಾನೂ ಜೊತೆಗೆ ಹೋಗಬೇಕಂತೆ. ಮೈಯೆಲ್ಲ ಉರಿದುಹೋಯಿತು.

ಎರ್ನಾಕುಲಂನಿಂದ ಬೆಳಗಿನ ಟ್ರೇನು. ಅವಳು ನೋಟ್‌ಬುಕ್ ತೆರೆದು ಕೇಳಿದಳು, "ಅಲ್ಲಿ ಯಾರಿಗಾದ್ರೂ ನಮ್ಮ ಸಾಫ್ಟ್‌ವೇರ್ ಬೇಡ ಅಂತ ಉಂಟಾ?"

ಇತ್ತು. ಫಾರ್ಮಸಿ ನೋಡಿಕೊಳ್ಳುವ ಲತಾ ಚೇಚಿ; ಅಲ್ಲಿ ಅಕ್ಕನಿಗೆ ಚೇಚಿ ಎನ್ನುತ್ತಾರೆ. ಹಿಂದಿನ ಡೆಮೊದಲ್ಲಿ ಅವರು ಏನೋ ಹೇಳಲು ಬಂದಾಗ, ಆಮೇಲೆ ಮಾತಾಡೋಣ ಎಂದು ನಾನೇ ತಡೆದಿದ್ದೆ. ಅಂದಿನಿಂದ ಅವರು ನನ್ನ ಮುಖ ನೋಡುತ್ತಿರಲಿಲ್ಲ.

"ಹಾಗೇನಿಲ್ಲ" ಎಂದೆ.

ಆಸ್ಪತ್ರೆಯಲ್ಲಿ ರೆನಿಟಾ ಲ್ಯಾಪ್‌ಟಾಪ್ ತೆಗೆಯಲೇ ಇಲ್ಲ. ಮೊದಲು ಒಂದು ಗಂಟೆ ಕೌಂಟರ್‌ಗಳಲ್ಲಿ ಕೂತು ನೋಡುತ್ತೇನೆ ಎಂದು ಡೈರೆಕ್ಟರರ ಅನುಮತಿ ಕೇಳಿದಳು.

ಫಾರ್ಮಸಿಯಲ್ಲಿ ಲತಾ ಚೇಚಿಯ ಪಕ್ಕ ಸ್ಟೂಲ್ ಎಳೆದುಕೊಂಡಳು. ಅರ್ಥವಾಗದ ಪ್ರತಿ ಮಾತಿಗೂ, ಇನ್ನೊಮ್ಮೆ ಹೇಳಿ ಚೇಚಿ ಎಂದು ತನ್ನ ಮುರುಕು ಮಲಯಾಳಂನಲ್ಲೇ ಕೇಳುತ್ತಾಳೆ. ಅವರು ಹೇಳುತ್ತಲೇ ಹೋಗುತ್ತಾರೆ... ಸಾಫ್ಟ್‌ವೇರ್ ಹಾಕಿದ ಮೇಲೆ ನೆಟ್ ಹೋದರೆ ಬಿಲ್ ನಿಲ್ಲುತ್ತದೆ, ಔಷಧಿಗೆ ಕಾದವರೆಲ್ಲ ತನ್ನ ಮೇಲೆ ಕೂಗಾಡುತ್ತಾರೆ.

ಇದನ್ನೇ ಅವರು ಅವತ್ತು ನನಗೆ ಹೇಳಲು ಬಂದಿದ್ದು.

ಮೀಟಿಂಗ್‌ನಲ್ಲಿ ಡೈರೆಕ್ಟರ್ ನೇರವಾಗಿ ಕೇಳಿದರು, ನೆಟ್ ಇಲ್ಲದಾಗ ನಿಮ್ಮ ಸಾಫ್ಟ್‌ವೇರ್ ನಡೆಯುತ್ತದೆಯೇ? ನಾನಾಗಿದ್ದರೆ ಮುಂದಿನ ಅಪ್‌ಡೇಟ್‌ನಲ್ಲಿ ಬರುತ್ತದೆ ಎಂದು ಸಾಗಹಾಕುತ್ತಿದ್ದೆ.

ಈಗ ನಡೆಯುವುದಿಲ್ಲ, ಫಾರ್ಮಸಿ ಬಿಟ್ಟು ಬೇರೆ ವಿಭಾಗಗಳಲ್ಲಿ ಶುರು ಮಾಡಿ ಎಂದುಬಿಟ್ಟಳು ರೆನಿಟಾ.

ಕಥೆ ಮುಗಿಯಿತು ಎಂದುಕೊಂಡೆ. ಹೊಟ್ಟೆ ತಣ್ಣಗಾಯಿತು, ಸುಳ್ಳೇಕೆ ಹೇಳಲಿ.

ಅಷ್ಟರಲ್ಲಿ ಮೀಟಿಂಗ್‌ನ ಮೂಲೆಯಲ್ಲಿ ಕೂತಿದ್ದ ಲತಾ ಚೇಚಿ ಬಾಯಿ ಬಿಟ್ಟರು. "ಸಾರೇ, ಇದುವರೆಗೆ ಬಂದವರೆಲ್ಲ ಎಲ್ಲಾ ಆಗುತ್ತೆ ಅಂತಲೇ ಹೇಳಿದ್ದು. ಆಗಲ್ಲ ಅಂದದ್ದು ಈ ಮೋಳ್, ಈ ಹುಡುಗಿ ಒಬ್ಬಳೇ. ಇವಳನ್ನ ನಂಬಬಹುದು."

ಡೈರೆಕ್ಟರ್ ಅಲ್ಲೇ ಒಪ್ಪಿದರು. ಮೂರು ಡೆಮೊಗಳಲ್ಲಿ ನನಗೊಮ್ಮೆಯೂ ಸಿಗದ ನಗು ಅವರ ಮುಖದಲ್ಲಿ!

ವಾಪಸ್ ಬರುವಾಗ ಕೊಲ್ಲಂ ದಾಟಿದ ಮೇಲೆ ಅವಳು ಕೇಳಿದಳು, "ಚೇಚಿ ವಿಷಯ ನಿಮ್ಗೆ ಮೊದ್ಲೇ ಗೊತ್ತಿತ್ತಲ್ಲ?"

ಗೊತ್ತಿತ್ತು ಎಂದೆ.

"ಒಂದು ಮಾತು ಹೇಳ್ಬಹುದಿತ್ತು ಮಾರಾಯ್ರೆ" ಎಂದು ಕಿಟಕಿಯ ಕಡೆ ತಿರುಗಿದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ನಿನ್ನೆ ಅವಳ ಡೆಸ್ಕಿಗೆ ಹೋಗಿ ಕ್ಷಮೆ ಕೇಳಿದೆ. ನನ್ನ ಉಳಿದ ಆಸ್ಪತ್ರೆಗಳಲ್ಲಿ ಯಾರ್‍ಯಾರಿಗೆ ಏನು ಕಷ್ಟ ಎಂದು ಬರೆಯಲು ಕೂತರೆ, ಕೌಂಟರ್‌ನಲ್ಲಿ ಕೂರುವ ಒಬ್ಬರ ಹೆಸರೂ ನನಗೆ ಗೊತ್ತಿಲ್ಲ...

ಹೊಟ್ಟೆಕಿಚ್ಚು ಇನ್ನೂ ಪೂರ್ತಿ ಆರಿಲ್ಲ. ನಿಮಗಿಂತ ಕಿರಿಯರಿಂದ ನಿಮ್ಮದೇ ಕೆಲಸ ಕಲಿಯಬೇಕಾಗಿ ಬಂದಾಗ, ನೀವು ಅದನ್ನು ಹೇಗೆ ನುಂಗಿಕೊಂಡಿರಿ?