ಭಾಗಮ್ಮನ ಹೊಟ್ಟೆಕಿಚ್ಚಿನ ಕಣ್ಣು
ಬಸವಕಲ್ಯಾಣದ ಭಾಗಮ್ಮನಿಗೆ ಮೈದುನನ ಹೆಂಡತಿ, ನೆಗೆಣ್ಣಿ ಸ್ನೇಹಲ್ ಮೇಲಿದ್ದ ಹೊಟ್ಟೆಕಿಚ್ಚಿನಲ್ಲಿ ಇಡೀ ಓಣಿಯ ಒಲೆ ಹೊತ್ತಿಸಬಹುದಿತ್ತು. ತಾನು ಐದು ಹೆತ್ತು ಸೊರಗಿದವಳು. ಅವಳು ಒಂದೇ ಹೆತ್ತು, ಮತ್ತೆ ಬಸಿರಾಗದಂತೆ ದಿನಾ ಗುಳಿಗೆ ನುಂಗುತ್ತ, ಬೆಳ್ಳಿ ಕಾಲ್ಚೈನು ಝಣಝಣ ಅನ್ನಿಸುತ್ತ ತಿರುಗುವವಳು. "ಗುಳಿಗಿ ರಾಣಿ ಬಂದ್ಳು ನೋಡ್ರಿ" ಎಂದು ಅತ್ತೆಗೆ ಕೇಳುವಂತೆ ಅನ್ನುವಳು ಭಾಗಮ್ಮ. ಸ್ನೇಹಲ್‌ಳ ಸೀರೆ, ನಡು, ನಗು ಯಾವುದೂ ಆ ಕಣ್ಣಿಗೆ ತಪ್ಪದು. ಕಾಲ್ಚೈನಂತೂ ಕನಸಿನಲ್ಲೂ ಸದ್ದು ಮಾಡುವುದು. ಹಾಗಾಗಿ ಒಂದು ಬೆಳಿಗ್ಗೆ ಎಡಗಾಲಿನ ಚೈನು ಮಾಂಸದೊಳಗೆ ಹೂತದ್ದನ್ನು ಮೊದಲು ಕಂಡವಳೂ ಭಾಗಮ್ಮನೇ. "ಉಳುಕ್ಯಾದ, ಬಿಡಕ್ಕಾ" ಅಂದಳು ಸ್ನೇಹಲ್. "ಒಂದೇ ಕಾಲು ಬಾತದ, ಸುಡಾಕತ್ತದ, ನಡಿ!" ಎಂದು ಭಾಗಮ್ಮ ಹುಮನಾಬಾದಿನ ಬಸ್ಸು ಹತ್ತಿಸಿದಳು. "ಗುಳಿಗಿಯಿಂದ ಅಪರೂಪಕ್ಕ ಹಿಂಗ ಕಾಲಾಗ ರಕ್ತ ಹೆಪ್ಪುಗಟ್ಟತದ, ತಡ ಆಗಿದ್ರ ಎದಿಗೇರಿ ಜೀವಾ ಹೋಗತಿತ್ತು. ಇಷ್ಟು ಲಗೂ ಹ್ಯಾಂಗ ಗೊತ್ತಾತ್ರಿ?" ಎಂದರು ಅಲ್ಲಿನ ಡಾಕ್ಟರು. ಬಿಚ್ಚಿದ ಕಾಲ್ಚೈನನ್ನು ಸೆರಗಿಗೆ ಗಂಟು ಹಾಕುತ್ತ ಭಾಗಮ್ಮ ಅಂದಳು, "ನಾ ದಿನಾ ಅದನ್ನೇ ನೋಡತಿದ್ನಲ್ರಿ."